ಕೈ ಎತ್ತಿ ನಿಂತವಳು

ಮೂವತ್ತೊಂದು ವರ್ಷ ನಾನು ಆಳಂದದಲ್ಲಿ ಕಾಲೇಜು ಮಕ್ಕಳಿಗೆ ಇತಿಹಾಸ ಕಲಿಸಿದೆ. ಅಷ್ಟೂ ವರ್ಷಗಳಲ್ಲಿ ಒಂದು ಸಲವಾದರೂ ನಮ್ಮ ಸುತ್ತಮುತ್ತಲಿನ ಹಳೆಯ ಗುಡಿಯೊಂದರ ಹೊಸ್ತಿಲು ದಾಟಿ, ನಿಂತು, ಕತ್ತೆತ್ತಿ ನೋಡಿದವಳಲ್ಲ. ಇಂಥ ನಿಜಗಳನ್ನು ಒಪ್ಪಿಕೊಳ್ಳುವ ಧೈರ್ಯ ನಿವೃತ್ತಿಯಾದ ಮೇಲೆಯೇ ಬರುವುದು. ಚಾಲುಕ್ಯರು ನನಗೆ ಕರಿಹಲಗೆಯ ಮೇಲೆ ಪರಿಚಿತರು. ಅವರ ವಾಸ್ತುಶಿಲ್ಪದ ಲಕ್ಷಣಗಳು ಐದು, ಒಂದಕ್ಕೆ ಒಂದು ಅಂಕ. ಜಿಡಗಾ ಮಠಕ್ಕೆ ಹೋಗಿ ಬರುವಾಗಲೋ, ಅಫಜಲಪುರದ ಮದುವೆಗೆ ಹೋಗುವಾಗಲೋ ಬಸ್ಸಿನ ಕಿಟಕಿಯಿಂದ ಹೊಲದ ನಡುವೆ ಕಪ್ಪಗೆ ಏನೋ ಕಂಡರೆ, ‘ಹನ್ನೊಂದು-ಹನ್ನೆರಡನೆಯ ಶತಮಾನ ಇರಬಹುದು’ ಎಂದು ಪಕ್ಕದವರಿಗೆ ಹೇಳಿ ಮತ್ತೆ ಕಣ್ಣು ಮುಚ್ಚುತ್ತಿದ್ದೆ. ಇಳಿದು ನೋಡೋಣವೆಂದರೆ ಬಿಸಿಲು. ಬಿಸಿಲಿಲ್ಲದಿದ್ದರೆ ಹಾವು. ಹಾವಿನ ಭಯ ಬಿಟ್ಟಾಗ ಮೊಣಕಾಲು ನೋವು ಬಂತು. ಒಂದು ವಿಷಯವನ್ನು ದೂರದಿಂದಲೇ ಪ್ರೀತಿಸುವುದಕ್ಕೆ ಮನುಷ್ಯನಿಗೆ ಕಾರಣಗಳ ಕೊರತೆ ಎಂದೂ ಆಗುವುದಿಲ್ಲ.

ನನ್ನನ್ನು ಬಸ್ಸಿನಿಂದ ಇಳಿಸಿದವನು ಶರಣಪ್ಪ. ಅವನು ನನ್ನ ಹಳೆಯ ವಿದ್ಯಾರ್ಥಿ. ಕೊನೆಯ ಬೆಂಚಿನಲ್ಲಿ ಕೂತು, ನನ್ನ ಪಾಠವನ್ನು ಕಣ್ಣು ಮುಚ್ಚಿ ಆಲಿಸುತ್ತಿದ್ದವನು. ಈಗ ಅವನ ಹತ್ತಿರ ಎರಡು ಕ್ರೂಸರ್ ಗಾಡಿಗಳಿವೆ, ಒಂದು ವಾಟ್ಸ್ಆ್ಯಪ್ ಗುಂಪಿದೆ ಮತ್ತು ವಿಚಿತ್ರವಾದ ಒಂದು ಹುಚ್ಚಿದೆ. ತಿಂಗಳಿಗೊಂದು ರವಿವಾರ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹತ್ತು-ಹನ್ನೆರಡು ಮಕ್ಕಳನ್ನು ಅವರ ಮನೆಯ ಹಿರಿಯರ ಸಮೇತ ಕೂಡಿಸಿಕೊಂಡು ಹಳೆಯ ಕಲ್ಲುಗಳ ನಡುವೆ ನಡೆಸುತ್ತಾನೆ. ಅವನ ನಿಯಮಗಳು ಮೂರೇ. ಫೋನು ಚೀಲದಲ್ಲಿರಬೇಕು. ಕಲ್ಲಿನ ಮೇಲೆ ಯಾರೂ ತಮ್ಮ ಹೆಸರು ಗೀಚಬಾರದು. ಪ್ರಶ್ನೆ ಕೇಳುವ ಮಗುವಿಗೆ ಯಾರೂ ‘ಸುಮ್ಮನಿರು’ ಎನ್ನಬಾರದು.

“ಮೇಡಂ, ನೀವೂ ಬರ್ರಿ,” ಎಂದು ಮನೆಗೇ ಬಂದು ಕೇಳಿದ. “ನನಗ ಗುಡಿ ಕಾಣ್ತದ. ಗುಡಿ ಹಿಂದಿನ ಕಥಿ ಗೊತ್ತಾಗಂಗಿಲ್ಲ. ಅವತ್ತು ಕ್ಲಾಸಿನ್ಯಾಗ ಮಲ್ಕೊಂಡಿದ್ದಕ್ಕ ಈಗ ಪರದಾಡಾಕತ್ತೇನಿ.”

ಹೀಗೆ ಕೇಳಿದರೆ ಯಾವ ಮಾಸ್ತರಿಣಿ ಇಲ್ಲವೆಂದಾಳು? ಮೂರು ದಿನ ಕೂತು ಹದಿನಾಲ್ಕು ಪುಟ ಟಿಪ್ಪಣಿ ಬರೆದೆ. ಕೆಂಪು ಶಾಯಿಯಲ್ಲಿ ಅಡಿಗೆರೆ ಬೇರೆ.

ದೀಪಾವಳಿ ಮುಗಿದ ಮೇಲಿನ ರವಿವಾರ. ಅಫಜಲಪುರ ತಾಲೂಕಿನಲ್ಲಿ ಭೀಮಾ ನದಿಯ ದಂಡೆಯ ಒಂದು ಊರು. ಹೆಸರು ಹೇಳುವುದಿಲ್ಲ, ಹೇಳಿದರೆ ಶರಣಪ್ಪನ ಎರಡನೆಯ ನಿಯಮ ಗೊತ್ತಿಲ್ಲದವರು ಮೊದಲು ಹೋಗುತ್ತಾರೆ. ತೊಗರಿ ಹಳದಿ ಹೂ ಬಿಟ್ಟಿತ್ತು, ಜೋಳ ಮೊಣಕಾಲಿಗೆ ಬಂದಿತ್ತು. ಮುಂಜಾನೆಯ ಚಳಿ ಇನ್ನೂ ಹೊಲದಿಂದ ಎದ್ದಿರಲಿಲ್ಲ. ಊರಿನಿಂದ ಗುಡಿಗೆ ಅರ್ಧ ತಾಸಿನ ಕಾಲುದಾರಿ. ಹನ್ನೊಂದು ಮಕ್ಕಳು ಮುಂದೆ, ಅವರ ಅಪ್ಪ-ಅಮ್ಮಂದಿರು ನಡುವೆ, ಬುತ್ತಿಗಂಟುಗಳ ಜೊತೆ ನಾನು ಹಿಂದೆ.

ಹಿಂದೆ ಉಳಿದವರಲ್ಲಿ ನನಗೆ ಜೊತೆಯಾದವರು ಜೇವರ್ಗಿಯ ಕಾಶಿಬಾಯಿ. ಎಪ್ಪತ್ತರ ಹತ್ತಿರದ ವಯಸ್ಸು, ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ. ನಾಲ್ಕು ಹೊಲ ದಾಟಿ ಕೇಳಿಸುವಂಥ ದನಿ. ಅವರ ಜೊತೆ ಸೊಸೆ ಶಶಿಕಲಾ ಇದ್ದಳು. ಇಪ್ಪತ್ತೆಂಟರ ಹೆಣ್ಣುಮಗಳು, ಹೆಗಲ ಚೀಲವನ್ನು ಎದೆಗವಚಿಕೊಂಡು ನಡೆಯುತ್ತಿದ್ದಳು. ಅತ್ತೆ ಹತ್ತು ಮಾತಾಡಿದರೆ ಅವಳದು ಒಂದು ನಗು. ಅವಳ ಮಗಳು ಭಾಗ್ಯಾ, ಎಂಟು ವರ್ಷ, ಎರಡು ಜಡೆ, ಮಕ್ಕಳ ಸಾಲಿನ ತೀರ ಮುಂದೆ ಓಡುತ್ತಿದ್ದಳು. ಶಶಿಕಲಾಳ ಗಂಡ ಎರಡು ವರ್ಷದ ಹಿಂದೆ ಜ್ವರದಿಂದ ತೀರಿಕೊಂಡನೆಂದು ಕಾಶಿಬಾಯಿಯೇ ದಾರಿಯಲ್ಲಿ ಹೇಳಿದರು. ಅವರ ದನಿ ಸಣ್ಣದಾದದ್ದು ಆ ಒಂದು ಮಾತಿಗೆ ಮಾತ್ರ.

ಮೂರು ಗರ್ಭಗುಡಿಗಳ ಆ ಗುಡಿಯ ಮುಂದೆ ನಿಂತು ನಾನು ಟಿಪ್ಪಣಿ ತೆಗೆದೆ. “ಮಕ್ಕಳೇ, ಇದು ತ್ರಿಕೂಟ ದೇವಾಲಯ. ತ್ರಿಕೂಟ ಎಂದರೆ...” ಎಂದು ತಲೆಯೆತ್ತುವಷ್ಟರಲ್ಲಿ ಎದುರಿಗೆ ಮಕ್ಕಳೇ ಇರಲಿಲ್ಲ. ಅಪ್ಪಂದಿರು ಮಾತ್ರ ಇದ್ದರು, ಮರ್ಯಾದೆಗಾಗಿ. ಒಳಗಿನಿಂದ ಕಿರುಚಾಟ ಕೇಳಿಸಿತು.

“ಟೀಚರ್! ಕಂಬದಾಗ ನಾ ತಲಿಕೆಳಗ ಆಗೇನಿ!”

ಯಡ್ರಾಮಿಯಿಂದ ಬಂದ ಅವಳಿ ಹುಡುಗರು ನವರಂಗದ ಕಂಬಕ್ಕೆ ಮೂಗು ತಾಗಿಸಿ ನಿಂತಿದ್ದರು. ನಾನೂ ಹೋಗಿ ಬಗ್ಗಿ ನೋಡಿದೆ. ಬಾಗಿಲಿನಿಂದ ಬಂದ ಬೆಳಕು ಆ ಕಪ್ಪು ಕಲ್ಲಿನ ಏರುತಗ್ಗುಗಳ ಮೇಲೆ ಬಿದ್ದು, ಉಬ್ಬಿದ ಕಡೆ ನಾನು ನೆಟ್ಟಗಿದ್ದೆ, ತಗ್ಗಿದ ಕಡೆ ತಲೆಕೆಳಗಾಗಿದ್ದೆ. ಒಂದೇ ಕಂಬದಲ್ಲಿ ನನ್ನ ಐದಾರು ಮುಖಗಳು. ‘ಕಡೆದ ಕಂಬಗಳು ಕಲ್ಯಾಣ ಚಾಲುಕ್ಯ ಶೈಲಿಯ ವೈಶಿಷ್ಟ್ಯ’ ಎಂದು ನಾನು ಎಷ್ಟು ಸಾವಿರ ಉತ್ತರಪತ್ರಿಕೆಗಳಲ್ಲಿ ಓದಿ ಅಂಕ ಕೊಟ್ಟಿದ್ದೇನೋ. ಬಡಗಿ ಮರದ ಗೊಂಬೆಯನ್ನು ತಿರುಗಿಸಿ ತಿರುಗಿಸಿ ಉಜ್ಜುವ ಹಾಗೆ ಆಳೆತ್ತರದ ಕಲ್ಲನ್ನು ತಿರುಗಿಸಿ ಉಜ್ಜಿದವರು ಯಾರು, ಹೇಗೆ, ಎಷ್ಟು ದಿನ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಮಳೆ, ಬಾವಲಿ, ಜಾಲಿಮುಳ್ಳು, ಯುದ್ಧ ಎಲ್ಲವನ್ನೂ ದಾಟಿ ಆ ಹೊಳಪು ಇನ್ನೂ ಇತ್ತು. ನಾನು ಕೈಯಿಟ್ಟೆ. ತಣ್ಣಗೆ, ನೀರಿನ ಹಾಗೆ. ಅಂಗೈ ತೆಗೆಯುವ ಮನಸ್ಸೇ ಆಗಲಿಲ್ಲ. ಐದು ಅಂಕದ ಪ್ರಶ್ನೆಯೊಂದು ಇಷ್ಟು ನುಣುಪಾಗಿರಬಹುದೆಂದು ನನಗಾದರೂ ಹೇಗೆ ಗೊತ್ತಾಗಬೇಕು?

ಟಿಪ್ಪಣಿಯನ್ನು ಮಡಚಿ ಚೀಲಕ್ಕೆ ಹಾಕಿದೆ. ಬಳಿಕ ಆ ಮಕ್ಕಳೇ ನನಗೆ ಗುಡಿ ತೋರಿಸಿದರು. ಛತ್ತಿನ ಕಮಲದಲ್ಲಿ ಎಷ್ಟು ಎಸಳಿವೆ ಎಂದು ಅಂಗಾತ ಮಲಗಿ ಎಣಿಸಿದರು. ಗೋಡೆಯ ಹಂಸಗಳ ಸಾಲಿನಲ್ಲಿ ಒಂದು ಹಂಸ ಮಾತ್ರ ಹಿಂದಕ್ಕೆ ತಿರುಗಿ ನೋಡುತ್ತಿರುವುದನ್ನು ಹುಡುಕಿದರು. ಶಿಲ್ಪಿ ತಪ್ಪು ಮಾಡಿದನೋ, ಬೇಕೆಂದೇ ಮಾಡಿದನೋ ಎಂಬ ವಿಷಯದಲ್ಲಿ ನಿಂಬರ್ಗಾದ ಹುಡುಗಿಗೂ ಅವಳಿಗಳಿಗೂ ಜಗಳವಾಯಿತು. ಭಾಗ್ಯಾ ಮಾತ್ರ ನನ್ನ ಸೆರಗು ಜಗ್ಗಿ ಬೇರೆಯೇ ಪ್ರಶ್ನೆ ಕೇಳಿದಳು.

“ಟೀಚರ್, ಇದನ್ನ ಕಟ್ಟಿದವ್ರಿಗೆ ಬ್ಯಾಸರ ಆದ್ರ ಏನ್ ಮಾಡ್ತಿದ್ರು?”

ಉತ್ತರ ಕೊಟ್ಟವರು ಕಾಶಿಬಾಯಿ. ಕಾಲು ನೋವೆಂದು ಹೊರಗಿನ ಜಗಲಿಯ ಮೇಲೆ ಕೂತಿದ್ದವರು ತಮ್ಮ ಪಕ್ಕದ ಕಲ್ಲನ್ನು ಸೆರಗಿನಿಂದ ಒರೆಸುತ್ತ, “ಇಲ್ಲಿ ಬಾರಬೇ ಭಾಗ್ಯಾ, ಇದು ನೋಡು,” ಎಂದು ಕೂಗಿದರು. ಹೋಗಿ ನೋಡಿದರೆ ಕಲ್ಲಿನ ಮೇಲೆ ಗೆರೆಗಳು: ಐದು ಮನೆ ಉದ್ದ, ಐದು ಮನೆ ಅಗಲ, ನಾಲ್ಕು ದಿಕ್ಕಿನ ನಡುಮನೆಗಳಿಗೆ ಮತ್ತು ಮಧ್ಯದ ಮನೆಗೆ ಕತ್ತರಿ ಗುರುತು. ಚೌಕಾಬಾರಾ! ಗುಡಿ ಕಟ್ಟಿದವರು ಕೆತ್ತಿದ್ದೋ, ಆಮೇಲೆ ದನ ಕಾಯಲು ಬಂದವರು ಕೆತ್ತಿದ್ದೋ ನನಗೆ ತಿಳಿಯದು. ಆದರೆ ಗೆರೆಗಳು ತಿಕ್ಕಿ ತಿಕ್ಕಿ ನುಣ್ಣಗಾಗಿದ್ದವು. ಕಾಶಿಬಾಯಿ ನೆಲದಿಂದ ತಮಗೆ ನಾಲ್ಕು ಬೆಣಚುಕಲ್ಲು, ಮೊಮ್ಮಗಳಿಗೆ ನಾಲ್ಕು ಕರಿಕಲ್ಲು ಹೆಕ್ಕಿ ಕಾಯಿ ಮಾಡಿಕೊಂಡರು, ಹುಣಸೆಬೀಜ ಒಡೆದು ದಾಳ ಮಾಡಿಕೊಂಡರು, ಮೊಮ್ಮಗಳ ಜೊತೆ ಆಡಲು ಕೂತೇಬಿಟ್ಟರು. ಯಾರೋ ಎಂದೋ ಬಿಟ್ಟು ಎದ್ದುಹೋದ ಆಟವನ್ನು ಜೇವರ್ಗಿಯ ಮುದುಕಿಯೊಬ್ಬಳು ಮುಂದುವರಿಸುತ್ತಿದ್ದಾಳೆ ಅನಿಸಿತು. ಅವರು ಮೊಮ್ಮಗಳಿಗೆ ಮೋಸ ಮಾಡಿ ಗೆದ್ದರೆಂಬುದನ್ನೂ ಇಲ್ಲಿ ದಾಖಲಿಸಬೇಕು.

ಗುಡಿಯ ಹಿಂದೆ, ನದಿಯ ಕಡೆಗೆ, ಬೇವಿನ ಮರಗಳ ಕೆಳಗೆ ಏಳೆಂಟು ಕಲ್ಲುಗಳು ನಿಂತಿದ್ದವು. ಮೊದಲನೆಯವು ವೀರಗಲ್ಲುಗಳು. ಅವುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದೆ. ಕೆಳಗೆ ವೀರನ ಹೋರಾಟ, ನಡುವೆ ಅವನನ್ನು ಹೊತ್ತೊಯ್ಯುವ ದೇವಕನ್ಯೆಯರು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೂತ ವೀರ. ಮಕ್ಕಳಿಗೆ ಇದು ತಟ್ಟನೆ ಹಿಡಿಸಿತು. ಅವಳಿಗಳು ಕುದುರೆಯಾದರು, ನಿಂಬರ್ಗಾದ ಹುಡುಗಿ ದೇವಕನ್ಯೆಯಾದಳು. ಬೇವಿನ ಕಡ್ಡಿಗಳ ಭೀಕರ ಯುದ್ಧ ನಡೆಯಿತು.

ಕೊನೆಯ ಕಲ್ಲು ಬೇರೆ ತರಹದ್ದು. ಒಂದು ಕಂಬ. ಕಂಬದಿಂದ ಹೊರಚಾಚಿದ ಒಂದು ಹೆಣ್ಣುಕೈ. ಮೊಣಕೈ ಬಾಗಿಸಿ, ಅಂಗೈ ಮೇಲೆತ್ತಿದ ಕೈ. ಮುಂಗೈ ತುಂಬ ಬಳೆಗಳು, ಒಂದೊಂದು ಬಳೆಯ ಗೆರೆಯೂ ಎಣಿಸುವಷ್ಟು ಸ್ಪಷ್ಟ. ಮೇಲೆ ಸೂರ್ಯ, ಚಂದ್ರ. ಮುಖವಿಲ್ಲ, ಮೈಯಿಲ್ಲ, ಹೆಸರಿಲ್ಲ. ಊರಿನವರು ಯಾರೋ ಹಚ್ಚಿದ ಕುಂಕುಮ ಬೆರಳ ಸಂದಿಯಲ್ಲಿತ್ತು. ಇದು ಮಾಸ್ತಿಕಲ್ಲು, ಮಹಾಸತಿಯ ಕಲ್ಲು. ಅದು ಅಲ್ಲಿರುತ್ತದೆಂದು ಶರಣಪ್ಪ ನನಗೆ ಹೇಳಿರಲಿಲ್ಲ. ನಾನು ಮಕ್ಕಳನ್ನು ಮೆಲ್ಲಗೆ ಬುತ್ತಿಯ ಕಡೆಗೆ ತಿರುಗಿಸಲು ನೋಡಿದೆ. ಆಗಲೇ ತಡವಾಗಿತ್ತು.

“ಟೀಚರ್, ಈಕಿ ಯಾಕ ಕೈ ಎತ್ಯಾಳ?” ಭಾಗ್ಯಾ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಉಳಿದ ಮಕ್ಕಳು ಉತ್ತರ ಕೊಡತೊಡಗಿದರು. ಶಾಲೆಗೆ ಹೋಗುವ ಮಕ್ಕಳಿಗೆ ಎತ್ತಿದ ಕೈಯೆಂದರೆ ಒಂದೇ ಅರ್ಥ.

“ಉತ್ತರ ಗೊತ್ತಿತ್ತೇನೋ.”

“ಇಲ್ಲೋ, ಏನೋ ಕೇಳಬೇಕಾಗಿತ್ತು.”

“ಒಂದಕ್ಕ ಬಂದಿತ್ತು!” ಎಂದ ಅವಳಿಗಳಲ್ಲೊಬ್ಬ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಭಾಗ್ಯಾ ಮಾತ್ರ ನಗಲಿಲ್ಲ. ಆ ಕೈಯನ್ನೇ ನೋಡುತ್ತ, “ಎಷ್ಟೊತ್ತಿಂದ ಎತ್ಯಾಳೋ ಏನೋ, ಟೀಚರ್ ಆಕೀ ಕಡೆ ನೋಡೇ ಇಲ್ಲ,” ಎಂದಳು.

ಮೂವತ್ತೊಂದು ವರ್ಷ ಎತ್ತಿದ ಕೈಗಳ ಎದುರಿಗೆ ನಿಂತವಳು ನಾನು. ಎಷ್ಟು ಕೈಗಳನ್ನು ‘ಆಮೇಲೆ’ ಎಂದು ಕಣ್ಣಿನಿಂದಲೇ ಇಳಿಸಿದ್ದೇನೆಂಬ ಲೆಕ್ಕ ನನ್ನ ಹತ್ತಿರ ಇಲ್ಲ. ಆ ಮಾತು ಎದೆಗೆ ಬಂದು ತಾಗಿತು. ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಈ ಮಗುವಿಗೆ ಏನು ಹೇಳಲಿ? ತರಗತಿಯಲ್ಲಾದರೆ ಸಲೀಸು: ಪದ್ಧತಿ, ಕಾರಣ, ನಿಷೇಧ, ಮುಂದಿನ ಪಾಠ. ಇಲ್ಲಿ ಮಗುವಿನ ತಂದೆ ತೀರಿಕೊಂಡಿದ್ದಾನೆ, ತಾಯಿ ಎರಡು ಹೆಜ್ಜೆ ಹಿಂದೆ ಚೀಲ ಅವಚಿ ನಿಂತಿದ್ದಾಳೆ. ಶರಣಪ್ಪನ ಕಡೆ ನೋಡಿದೆ. ತನ್ನ ಮೂರನೆಯ ನಿಯಮಕ್ಕೆ ಕಟ್ಟುಬಿದ್ದವನಂತೆ ಅವನು ನೆಲ ನೋಡುತ್ತಿದ್ದ. ಶಶಿಕಲಾಳ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಬಳಿಕ, ಹೇಳಿ ಎನ್ನುವ ಹಾಗೆ, ಸಣ್ಣಗೆ ತಲೆಯಾಡಿಸಿದಳು.

ನಾನು ಆ ಕಲ್ಲಿನ ಬುಡದಲ್ಲೇ ಕೂತೆ. ಮಕ್ಕಳೂ ಕೂತರು. ಹೇಳಿದೆ. ಹಿಂದಿನ ಕಾಲದಲ್ಲಿ ಕೆಲವು ಕಡೆ, ಗಂಡ ಯುದ್ಧದಲ್ಲಿ ಸತ್ತರೆ, ಹೆಂಡತಿಯೂ ಅವನ ಚಿತೆಯ ಬೆಂಕಿಗೆ ಹೋಗುತ್ತಿದ್ದಳು. ಹಾಗೆ ಹೋದವಳ ನೆನಪಿಗೆ ಜನ ಇಂಥ ಕಲ್ಲು ನಿಲ್ಲಿಸುತ್ತಿದ್ದರು. ಈಕೆ ಹೋಗಿ ಏಳುನೂರೋ ಎಂಟುನೂರೋ ವರ್ಷವಾಗಿರಬಹುದು. ಈಗ ಹಾಗೆ ಮಾಡುವುದು ದೊಡ್ಡ ಅಪರಾಧ, ಯಾರೂ ಮಾಡುವುದಿಲ್ಲ.

ಕುದುರೆಗಳಿಬ್ಬರೂ ಕಡ್ಡಿ ಕೆಳಗಿಟ್ಟಿದ್ದರು.

“ಆಕೀಗೆ ಹೋಗೋ ಮನಸ್ಸಿತ್ತೇನ್ರಿ?” ಎಂದಳು ಭಾಗ್ಯಾ.

“ಗೊತ್ತಿಲ್ಲವ್ವಾ,” ಎಂದೆ. ಮಕ್ಕಳ ಮುಂದೆ ನಾನು ಆ ಮಾತು ಆಡಿದ್ದು ಅದೇ ಮೊದಲು. “ಕಲ್ಲು ನಿಲ್ಲಿಸಿದವರು ಬೇರೆಯವರು. ಆಕಿ ಏನಂದಳು ಅಂತ ಯಾರೂ ಬರೆದಿಟ್ಟಿಲ್ಲ.”

ಭಾಗ್ಯಾ ಹಿಂದಕ್ಕೆ ತಿರುಗಿದಳು. ಆಮೇಲೆ ಉಳಿದ ಮಕ್ಕಳಿಗೆ ಒಂದು ಸುದ್ದಿ ಹೇಳುವವಳ ಹಾಗೆ ಹೇಳಿದಳು. “ನಮ್ಮಪ್ಪನೂ ತೀರಿಕೊಂಡಾನ. ನಮ್ಮವ್ವ ಹೋಗಿಲ್ಲ. ಮುಂಜಾನೆ ನನಗ ಜಡಿ ಹಾಕ್ಯಾಳ, ನೋಡ್ರಿ.” ಎರಡೂ ಜಡೆಗಳನ್ನು ಹಿಡಿದು ತೋರಿಸಿದಳು.

ಶಶಿಕಲಾ ಮುಖ ತಿರುಗಿಸಿ ನದಿಯ ಕಡೆ ನೋಡತೊಡಗಿದಳು. ಕಾಶಿಬಾಯಿ ಜಗಲಿಯಿಂದ ಯಾವಾಗ ಎದ್ದು ಬಂದಿದ್ದರೋ, ಮೊಣಕಾಲು ಹಿಡಿದುಕೊಂಡು ಮಕ್ಕಳ ನಡುವೆ ದಾರಿ ಮಾಡಿಕೊಂಡು ಕಲ್ಲಿನ ಹತ್ತಿರ ಬಂದರು. ಆ ಕಲ್ಲಿನ ಅಂಗೈಯೊಳಗೆ ತಮ್ಮ ಅಂಗೈ ಇಟ್ಟರು. ಎರಡೂ ಒಂದೇ ಅಳತೆಯ ಕೈಗಳು.

“ಯವ್ವಾ,” ಎಂದರು ಕಲ್ಲಿಗೆ. ನಾಲ್ಕು ಹೊಲ ದಾಟುವ ಅವರ ದನಿ ಈಗ ಒಂದು ಮಾರು ದೂರವೂ ಹೋಗುತ್ತಿರಲಿಲ್ಲ. “ನಿನಗೂ ಒಬ್ಬಾಕಿ ಅತ್ತಿ ಇದ್ದಿರಬೇಕಲ್ಲ. ಆಕಿ ಎಲ್ಲಿ ಹೋಗಿದ್ಲು ಅವತ್ತ? ಹಿಡಿದು ಕೂಡಿಸ್ಕೊಬಾರದಿತ್ತೇನು?”

ನಾನು ಎಷ್ಟೋ ವಿದ್ವಾಂಸರ ಬರಹಗಳನ್ನು ಓದಿದ್ದೇನೆ. ಮಾಸ್ತಿಕಲ್ಲುಗಳ ಬಗೆಗಳು, ಕಾಲ, ಹಂಚಿಕೆ ಎಲ್ಲ ನನಗೆ ಬಾಯಿಪಾಠ. ಅತ್ತೆ ಎಲ್ಲಿದ್ದಳು ಎಂಬ ಪ್ರಶ್ನೆಯನ್ನು ಎಲ್ಲಿಯೂ ಓದಿದ ನೆನಪಿಲ್ಲ. ಆ ಒಂದು ಪ್ರಶ್ನೆಗೆ ಇಡೀ ಊರೇ ನನ್ನ ಕಣ್ಣ ಮುಂದೆ ಎದ್ದು ನಿಂತಿತು: ಚಿತೆಯ ಸುತ್ತ ನೆರೆದವರು, ತಮಟೆ, ಅಡ್ಡ ಬಾರದ ತೌರಿನವರು, ಎಲ್ಲೋ ಒಳಗೆ ಕೂತ ಒಬ್ಬ ಮುದುಕಿ. ರಾಜರ ಹೆಸರುಗಳ ಹಿಂದೆ ಇಷ್ಟು ಜನ ಇದ್ದರೇ? ಇದ್ದರು. ನಾನು ಬಸ್ಸಿನಿಂದ ಇಳಿದಿರಲಿಲ್ಲ, ಅಷ್ಟೆ.

ಭಾಗ್ಯಾ ಎದ್ದು ಹೋಗಿ ಕಂಬಕ್ಕೆ ಕಿವಿ ಹಚ್ಚಿದಳು. “ಏನ್ ಬೇಕಾಗಿತ್ತು, ಹೇಳಬೇ,” ಎಂದಳು. ಒಬ್ಬರ ಹಿಂದೆ ಒಬ್ಬರಂತೆ ಹನ್ನೊಂದು ಮಕ್ಕಳೂ ಕಿವಿ ಹಚ್ಚಿದರು. ಯಾರೂ ನಗಲಿಲ್ಲ, ನೂಕಲಿಲ್ಲ. ಕೊನೆಗೆ ನಾನೂ ಹಚ್ಚಿದೆ. ಬಿಸಿಲಿಗೆ ಕಲ್ಲು ಮನುಷ್ಯರ ಮೈಯಷ್ಟು ಬೆಚ್ಚಗಿತ್ತು. ಏನೂ ಕೇಳಲಿಲ್ಲ, ಕೇಳಿತೆಂದು ಸುಳ್ಳು ಹೇಳಲಾರೆ. ಆದರೂ ಕಿವಿ ತೆಗೆಯಲು ನನಗೆ ಬಹಳ ಹೊತ್ತು ಹಿಡಿಯಿತು.

ಆಮೇಲೆ ಊಟ. ಮಕ್ಕಳು ದುಃಖದಲ್ಲಿ ಎಷ್ಟು ಬೇಗ ಮುಳುಗುತ್ತಾರೋ ಹಸಿವಿನಲ್ಲಿ ಅಷ್ಟೇ ಬೇಗ ಮೇಲೇಳುತ್ತಾರೆ. ಕಡಕ್ ರೊಟ್ಟಿ, ಪುಂಡಿಪಲ್ಲೆ, ಶೇಂಗಾಹಿಂಡಿ, ಮೊಸರು. ಎಲ್ಲ ಗಂಟುಗಳೂ ಬಿಚ್ಚಿ ಒಂದೇ ಪಂಕ್ತಿಯಾಯಿತು. ನಾನು ಕಾಶಿಬಾಯಿಯ ಪಕ್ಕ ಕೂತಿದ್ದೆ. ಶಶಿಕಲಾ ಎಲ್ಲರಿಗೂ ಬಡಿಸಿ ಬಂದು ಅತ್ತೆಯ ಎದುರಿಗೆ ಕೂತಳು. ರೊಟ್ಟಿ ಮುರಿದಳು, ತಿನ್ನಲಿಲ್ಲ.

“ಅತ್ತಿ, ನಾ ಒಂದು ಮಾತು ಹೇಳಬೇಕು.”

“ಹೇಳು.”

“ನಾ ನರ್ಸಿಂಗ್ ಕಲಿಬೇಕಂತ ಮಾಡೇನಿ. ಕಲಬುರಗಿಯಾಗ. ಮೂರು ವರ್ಷ. ಹಾಸ್ಟೆಲ್‌ದಾಗ ಇರಬೇಕಾಗ್ತದ.” ಒಂದೇ ಉಸಿರಿಗೆ ಹೇಳಿದಳು. ಉಳಿದದ್ದು ತಡವರಿಸುತ್ತ ಬಂತು. ಅರ್ಜಿ ತಂದು ಹದಿನೈದು ದಿನವಾಗಿದೆ, ಚೀಲದಲ್ಲೇ ಇದೆ. ಬುಧವಾರ ಕೊನೆಯ ದಿನ. ಭಾಗ್ಯಾಳನ್ನು ಅತ್ತೆಯ ಹತ್ತಿರವೇ ಬಿಡಬೇಕಾಗುತ್ತದೆ. ಮನೆ, ಹೊಲ ಎಲ್ಲ ಅವರೊಬ್ಬರ ಮೇಲೆಯೇ ಬೀಳುತ್ತದೆ. ಜನ ಏನಾದರೂ ಅನ್ನುತ್ತಾರೆ. “ನೀವು ಬ್ಯಾಡ ಅಂದ್ರ ಬಿಡ್ತೇನ್ರಿ,” ಎಂದು ಮುಗಿಸಿ ತಲೆ ತಗ್ಗಿಸಿದಳು.

ಕಾಶಿಬಾಯಿ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದರು. ಅವರು ಅಗಿಯುವುದು ಮುಗಿಯುವವರೆಗೆ ನಾನೂ ಕಾದೆ. ಕಡಕ್ ರೊಟ್ಟಿ ಅಗಿಯಲು ಎಷ್ಟು ಹೊತ್ತು ಬೇಕೆಂಬುದು ನಮ್ಮ ಕಡೆಯವರಿಗೆ ಗೊತ್ತು.

“ಹಾಸ್ಟೆಲ್‌ದಾಗ ರೊಟ್ಟಿ ಕೊಡ್ತಾರೇನು?” ಎಂದು ಕೇಳಿದರು.

“ಕೊಡ್ತಾರಂತ್ರಿ.”

“ಜ್ವಾಳದ್ದು?”

“ಹೌದ್ರಿ.”

“ಹಂಗಾದ್ರ ಮತ್ತೇನು? ಹದಿನೈದು ದಿನ ಚೀಲದಾಗ ಇಟ್ಕೊಂಡು ತಿರುಗ್ಯಾಳಂತ, ಹುಚ್ಚಿ! ನಾ ಏನು ಹುಲಿ ಏನು?” ದನಿ ಮತ್ತೆ ನಾಲ್ಕು ಹೊಲ ದಾಟಿತು. ಅವಳಿಗಳು ಬೆಚ್ಚಿ ತಿರುಗಿ ನೋಡಿದರು. “ತೆಗಿ ಅದನ್ನ. ಎಲ್ಲಿ ಸಹಿ ಮಾಡಬೇಕು ತೋರಿಸು. ಮೇಡಮ್ಮಾರ, ಪೆನ್ನು ಕೊಡ್ರಿ ಜರಾ.”

ಪಾಲಕರ ಸಹಿಗೆ ಅರ್ಜಿಯ ಕೆಳಗೆ ಒಂದು ಸಣ್ಣ ಚೌಕವಿತ್ತು. ಶಶಿಕಲಾ ಅಲ್ಲಿ ಬೆರಳಿಟ್ಟಳು. ಕಾಶಿಬಾಯಿ ಕೈ ತೊಳೆದು, ಸೆರಗಿಗೆ ಒರೆಸಿ, ನನ್ನ ಚೀಲವನ್ನು ಮಣೆಯ ಹಾಗೆ ತೊಡೆಯ ಮೇಲಿಟ್ಟುಕೊಂಡು ಅರ್ಜಿ ಹರವಿದರು. ತಮ್ಮ ಹೆಸರು ಬರೆಯುವುದನ್ನು ಅವರಿಗೆ ಕಲಿಸಿದವಳೂ ಸೊಸೆಯೇ ಎಂದು ಆಮೇಲೆ ತಿಳಿಯಿತು. ಮೊದಲು ‘ಕಾ’. ಅದರ ದೀರ್ಘವನ್ನು ಎಳೆದು, ಪೆನ್ನು ಎತ್ತಿ, ದೂರದಿಂದ ನೋಡಿ, ಮುಂದಿನದಕ್ಕೆ ಹೋದರು. ‘ಶಿ’ಗೆ ನಾಲಿಗೆ ಹೊರಬಂತು. ಮಕ್ಕಳೆಲ್ಲ ಸುತ್ತ ಬಂದು ನಿಂತಿದ್ದರು. ಆ ದಿನ ಮುಂಜಾನೆಯಿಂದ ಏನೇನೋ ಕೆತ್ತನೆಗಳನ್ನು ಕಣ್ಣರಳಿಸಿ ನೋಡಿದ್ದೆ. ಎಪ್ಪತ್ತರ ಕೈಯೊಂದು ನನ್ನ ಕಣ್ಣೆದುರಿಗೆ ಒಂದೊಂದೇ ಅಕ್ಷರವನ್ನು ಜಗತ್ತಿನೊಳಗೆ ತರುವುದನ್ನು ನೋಡುವಾಗ ಮಾತ್ರ ಕಣ್ಣು ಮಂಜಾಯಿತು.

ಚೌಕ ಸಾಲಲಿಲ್ಲ. ‘ಬಾ’ ಗಡಿಯ ಮೇಲೆ ಕೂತಿತು. ‘ಯಿ’ ಗಡಿ ದಾಟಿ, ‘ಕಚೇರಿಯ ಉಪಯೋಗಕ್ಕೆ ಮಾತ್ರ’ ಎಂದು ಅಚ್ಚಾಗಿದ್ದ ಪಕ್ಕದ ಮನೆಯೊಳಗೆ ಹೋಗಿ ಆರಾಮವಾಗಿ ನಿಂತಿತು. ನನ್ನೊಳಗಿನ ಮಾಸ್ತರಿಣಿಗೆ ತಡೆಯಲಾಗಲಿಲ್ಲ. ಬೇರೆ ಅರ್ಜಿ ತರಿಸೋಣವೇ ಎಂದು ಬಾಯಿ ತೆರೆದೆ.

“ಇರಲಿ ಬಿಡ್ರಿ ಮೇಡಂ,” ಎಂದ ಶರಣಪ್ಪ ಮೆಲ್ಲಗೆ.

ಇರಲಿ ಎಂದು ಬಿಟ್ಟೆವು. ಅರ್ಜಿ ತಿರುಗಿ ಬರಲಿಲ್ಲ. ಶಶಿಕಲಾ ಈಗ ಎರಡನೆಯ ವರ್ಷದಲ್ಲಿದ್ದಾಳೆ. ಸೂಜಿ ಚುಚ್ಚಿದರೆ ರೋಗಿಗೆ ಗೊತ್ತೇ ಆಗುವುದಿಲ್ಲವೆಂದು ಅವಳ ಅತ್ತೆ ಜೇವರ್ಗಿಯ ಬಸ್ಸುಗಳಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಆ ಕೊನೆಯ ಅಕ್ಷರವನ್ನು ಕಚೇರಿಯವರು ಉಪಯೋಗಿಸಿಕೊಂಡರೋ ಇಲ್ಲವೋ, ಅದು ಮಾತ್ರ ಈವರೆಗೆ ತಿಳಿದಿಲ್ಲ.